ಬೇಸಿಕ್ ಭಾಷೆಯೂ ಎಳೆಯರ ಗಣಕಾಭ್ಯಾಸವೂ

ಹದಿಮೂರು ಹದಿನಾಲ್ಕರ ಹರೆಯದ ಬಾಲಕನೋ ಬಾಲಕಿಯೋ ಕಂಪ್ಯೂಟರಿನ ಮುಂದೆ ಕುಳಿತು, ತಾನೇ ಬರೆದ ನಾಲ್ಕು ಸಾಲಿನ ಆಜ್ಞೆಗಳನ್ನು ಆ ಯಂತ್ರದಿಂದ ನಡೆಸಿಕೊಳ್ಳುವುದು ಇಂದು ನಮಗೆ ಸಹಜವಾಗಿ ಕಾಣುತ್ತದೆ. ಆದರೆ ಇದು ಯಂತ್ರಗಳು ಅಗ್ಗವಾದ ಮಾತ್ರಕ್ಕೆ ತಾನಾಗಿ ಒದಗಿಬಂದ ಸೌಲಭ್ಯವಲ್ಲ. ಗಣಕಯಂತ್ರವು ಇಡಿಯ ಕೋಣೆಯನ್ನು ತುಂಬಿ ನಿಲ್ಲುತ್ತಿದ್ದ, ಅದರ ಒಂದೊಂದು ನಿಮಿಷಕ್ಕೂ ಬೆಲೆ ಕಟ್ಟಲಾಗುತ್ತಿದ್ದ ಕಾಲದಲ್ಲಿಯೇ, ಏನನ್ನೂ ಅರಿಯದ ಹೊಸಬನಿಗೂ ಅದರ ಮೇಲೆ ಹಕ್ಕುಂಟೆಂದು ನಂಬಿದ ಇಬ್ಬರು ಗಣಿತಾಧ್ಯಾಪಕರ ಸಂಕಲ್ಪಬಲದಿಂದ ಈ ವಿದ್ಯೆಯು ಎಳೆಯರ ಕೈಗೆ ಬಂದಿತು. ಆ ಚರಿತ್ರೆಯನ್ನು ತಿಳಿಯುವುದು ನಮ್ಮ ಶಾಲೆಗಳ ಹಿತಚಿಂತನೆ ಮಾಡುವವರಿಗೆಲ್ಲ ಅವಶ್ಯವೆಂದು ನಾನು ಭಾವಿಸುತ್ತೇನೆ.

1950ರ ದಶಕದಲ್ಲಿ ಸಾಮಾನ್ಯ ವಿದ್ಯಾರ್ಥಿಗೆ ಗಣಕಯಂತ್ರದ ಸಮೀಪಕ್ಕೆ ಪ್ರವೇಶವೇ ಇರಲಿಲ್ಲ. 1957ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಫೋರ್ಟ್ರಾನ್ ಭಾಷೆಯು ವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಮಹೋಪಕಾರವನ್ನು ಮಾಡಿತಾದರೂ, ಅದರ ನಿಯಮಗಳು ಹೊಸಬನನ್ನು ಅಂಜಿಸುವಷ್ಟು ಬಿಗಿಯಾಗಿದ್ದುವು. ಬರೆದ ಪ್ರೋಗ್ರಾಮನ್ನು ಸಾಲಿಗೊಂದರಂತೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು, ಆ ಕಾರ್ಡುಗಳ ಕಟ್ಟನ್ನು ಯಂತ್ರದ ನಿರ್ವಾಹಕನ ಕೈಗೆ ಒಪ್ಪಿಸಿ, ತನ್ನ ಸರದಿ ಬರುವ ತನಕ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೂ ಕಾದು, ಕೊನೆಗೆ ಎಲ್ಲೋ ಒಂದು ಅಲ್ಪವಿರಾಮ ತಪ್ಪಿಹೋದುದರಿಂದ ಕೆಲಸ ನಡೆಯಲಿಲ್ಲವೆಂಬ ವರದಿಯನ್ನು ಪಡೆದು ಹಿಂದಿರುಗುವುದು ಅಂದಿನ ಅಭ್ಯಾಸಿಯ ಪಾಡಾಗಿತ್ತು. ತಪ್ಪು ಮಾಡಿದ ಗಳಿಗೆಗೂ ಅದು ತಿಳಿದುಬರುವ ಗಳಿಗೆಗೂ ನಡುವೆ ಇಷ್ಟು ದೀರ್ಘವಾದ ಅಂತರವಿದ್ದಲ್ಲಿ ಎಳೆಯ ಮನಸ್ಸಿನ ಕುತೂಹಲವು ಉಳಿಯುವುದಾದರೂ ಹೇಗೆ?

ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರ್ ಎಂಬ ಸಣ್ಣ ಊರಿನಲ್ಲಿರುವ ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಎಂಬ ಪ್ರಾಧ್ಯಾಪಕರು ಈ ಅಂತರವನ್ನು ಅಳಿಸಲು ಮುಂದಾದರು. 1926ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ ಎಳವೆಯಲ್ಲಿಯೇ ಅಮೆರಿಕವನ್ನು ಸೇರಿದ ಕೆಮೆನಿಯವರು, ಯುದ್ಧಕಾಲದಲ್ಲಿ ಲಾಸ್ ಅಲಮೋಸಿನ ಅಣುಸಂಶೋಧನಾಲಯದಲ್ಲಿ ಕಾರ್ಡುಯಂತ್ರಗಳ ನೆರವಿನಿಂದ ಲೆಕ್ಕಗಳನ್ನು ಮಾಡಿದ್ದವರು. ಆಮೇಲೆ ಆಲ್ಬರ್ಟ್ ಐನ್‌ಸ್ಟೈನರಿಗೆ ಗಣಿತಸಹಾಯಕರಾಗಿದ್ದವರು. ಕಾಲೇಜಿಗೆ 1959ರಲ್ಲಿ ಎಲ್‌ಜಿಪಿ-30 ಎಂಬ ಪುಟ್ಟ ಯಂತ್ರವೊಂದು ಬಂದಾಗ, ಪದವಿಯನ್ನೂ ಪಡೆಯದ ಹುಡುಗರು ಅದಕ್ಕೆ ಭಾಷಾಂತರಕ ಪ್ರೋಗ್ರಾಮುಗಳನ್ನೇ ರಚಿಸಿದುದನ್ನು ಈ ಇಬ್ಬರೂ ಕಣ್ಣಾರೆ ಕಂಡರು. ಎಳೆಯರ ಶಕ್ತಿಯಲ್ಲಿ ಅವರಿಗೆ ಹುಟ್ಟಿದ ವಿಶ್ವಾಸಕ್ಕೆ ಈ ಅನುಭವವೇ ಆಧಾರ. ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳು ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರಗಳನ್ನು ಓದುವವರಾಗಿದ್ದರು. ನಾಳೆ ಅಧಿಕಾರಸ್ಥಾನಗಳಲ್ಲಿ ಕುಳಿತು ಗಣಕಯಂತ್ರಗಳ ವಿಷಯವಾಗಿ ನಿರ್ಣಯ ಕೈಗೊಳ್ಳುವವರೂ ಅವರೇ ಆದುದರಿಂದ, ಈ ವಿದ್ಯೆಯ ಪರಿಚಯ ಅವರೆಲ್ಲರಿಗೂ ಆಗಬೇಕೆಂಬುದು ಅಧ್ಯಾಪಕರ ವಾದವಾಗಿತ್ತು. ಗ್ರಂಥಾಲಯದ ಕಪಾಟಿನಿಂದ ಪುಸ್ತಕವನ್ನು ತೆಗೆದುಕೊಳ್ಳುವ ವಿದ್ಯಾರ್ಥಿಯನ್ನು ಕಾರಣವೇನೆಂದು ಯಾರೂ ಕೇಳದಿರುವಂತೆ, ಯಂತ್ರದ ಬಳಿ ಬಂದವನನ್ನೂ ಕೇಳಕೂಡದೆಂದೂ, ಅವನಿಂದ ಹಣ ಪಡೆಯಕೂಡದೆಂದೂ ಅವರು ಗೊತ್ತುಮಾಡಿದರು.

ಒಂದೇ ಯಂತ್ರವು ಹಲವರ ಕೆಲಸಗಳನ್ನು ಕ್ಷಣಕ್ಷಣಕ್ಕೂ ಸರದಿಯಂತೆ ನಡೆಸುತ್ತ, ಪ್ರತಿಯೊಬ್ಬನಿಗೂ ಅದು ತನ್ನೊಬ್ಬನದೇ ಎಂಬ ಭಾವನೆಯನ್ನು ಉಂಟುಮಾಡುವ ಕಾಲಹಂಚಿಕೆಯ ವಿಧಾನವನ್ನು ಅವರು ಆರಿಸಿಕೊಂಡರು. ಅದರ ವ್ಯವಸ್ಥೆಯನ್ನು ರಚಿಸುವ ಹೊಣೆಯನ್ನು ಜಾನ್ ಮೆಕ್‌ಗೀಚಿ, ಮೈಕೆಲ್ ಬುಷ್ ಮೊದಲಾದ ವಿದ್ಯಾರ್ಥಿಗಳಿಗೇ ವಹಿಸಿದರು. 1964ನೆಯ ಇಸವಿ ಮೇ ತಿಂಗಳ 1ನೆಯ ತಾರೀಖು, ಬೆಳಗಿನ ಜಾವ 4 ಗಂಟೆಯ ಹೊತ್ತಿಗೆ, ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಜಿಇ-225 ಯಂತ್ರಕ್ಕೆ ಜೋಡಿಸಿದ್ದ ಎರಡು ಟೆಲಿಟೈಪುಗಳಲ್ಲಿ, ಎಂದರೆ ತಂತಿಯ ಮೂಲಕ ಸಂದೇಶ ಕಳಿಸಿ ಪಡೆಯುವ ಟೈಪುಯಂತ್ರಗಳಲ್ಲಿ, ಎರಡು ಪ್ರೋಗ್ರಾಮುಗಳು ಏಕಕಾಲದಲ್ಲಿ ನಡೆದು ಸರಿಯಾದ ಉತ್ತರವನ್ನಿತ್ತುವು. ಆ ಇಬ್ಬರು ಅಧ್ಯಾಪಕರು ಹೊಸಬರಿಗಾಗಿಯೇ ರೂಪಿಸಿದ ಬೇಸಿಕ್ ಭಾಷೆಯ ಜನನವು ಹೀಗಾಯಿತು.

ಈ ಭಾಷೆಯ ಗುಣವನ್ನು ಅರಿಯಬೇಕಾದರೆ ಹೊಸಬನೊಬ್ಬನ ಮೊದಲ ಪಾಠವನ್ನು ತುಸು ಹತ್ತಿರದಿಂದ ನೋಡಬೇಕು. ಒಂದರಿಂದ ಹತ್ತರವರೆಗಿನ ಸಂಖ್ಯೆಗಳ ವರ್ಗಗಳು ಬೇಕೆನ್ನಿ. 10ನೆಯ ಸಾಲಿನಲ್ಲಿ ‘ಫಾರ್’ ಎಂಬ ಆಜ್ಞೆಯಿಂದ ಎಣಿಕೆಯ ಆದಿ ಅಂತ್ಯಗಳನ್ನು ಹೇಳಿ, 20ನೆಯದರಲ್ಲಿ ‘ಪ್ರಿಂಟ್’ ಎಂದು ಸಂಖ್ಯೆಯನ್ನೂ ಅದರ ವರ್ಗವನ್ನೂ ಅಚ್ಚಿಸಹೇಳಿ, 30ನೆಯದರಲ್ಲಿ ‘ನೆಕ್ಸ್ಟ್’ ಎಂದು ಎಣಿಕೆಯನ್ನು ಮುಂದುವರಿಸಿ, 40ನೆಯದರಲ್ಲಿ ‘ಎಂಡ್’ ಎಂದು ಮುಗಿಸಿ, ‘ರನ್’ ಎಂದು ಟೈಪು ಮಾಡಿದರೆ ಸಾಕು; ಹತ್ತು ಸಾಲುಗಳ ಉತ್ತರವು ಕಾಗದದ ಮೇಲೆ ಮೂಡುತ್ತಿತ್ತು. ಸಾಲುಗಳಿಗೆ ಹತ್ತು ಹತ್ತರ ಅಂತರದಿಂದ ಸಂಖ್ಯೆ ಕೊಡುವ ರೂಢಿಯಲ್ಲಿಯೂ ವಿವೇಕವಿತ್ತು. ಮರೆತುಹೋದ ಆಜ್ಞೆಯನ್ನು ಕೊನೆಯಲ್ಲಿ 15 ಎಂಬ ಸಂಖ್ಯೆಯೊಡನೆ ಬರೆದರೆ ಯಂತ್ರವೇ ಅದನ್ನು 10ಕ್ಕೂ 20ಕ್ಕೂ ನಡುವೆ ಸೇರಿಸುತ್ತಿತ್ತು. ತಪ್ಪಾದ ಸಾಲನ್ನು ಅದೇ ಸಂಖ್ಯೆಯಿಂದ ಮತ್ತೆ ಬರೆದರೆ ಹಳೆಯದು ಅಳಿದು ಹೊಸದು ನಿಲ್ಲುತ್ತಿತ್ತು. ತಪ್ಪಿ ತಿದ್ದಿಕೊಳ್ಳುವುದೇ ಕಲಿಕೆಯ ಸಹಜಕ್ರಮವೆಂಬ ತತ್ತ್ವವು ಈ ಭಾಷೆಯ ರಚನೆಯಲ್ಲಿಯೇ ಅಡಕವಾಗಿತ್ತು. ಲಾಸ್ ಅಲಮೋಸಿನಲ್ಲಿ ಒಂದು ವರ್ಷ ಹಿಡಿದಿದ್ದ ಲೆಕ್ಕಗಳನ್ನು ತಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲನೆಂದು ಕೆಮೆನಿಯವರು ಮುಂದೆ ಸಂತೋಷದಿಂದ ಬರೆದರು.

ಡಾರ್ಟ್‌ಮತ್ತಿನ ದೂರವಾಣಿ ತಂತಿಗಳು ಬೇಗನೆ ಸುತ್ತಣ ಪ್ರೌಢಶಾಲೆಗಳನ್ನೂ ಮುಟ್ಟಿದುವು. ಬೇಸಿಕ್ ದೂರದ ಊರುಗಳಿಗೂ ಹಬ್ಬಿತು; 1968ರಲ್ಲಿ ಸಿಯಾಟಲ್ ನಗರದ ಲೇಕ್‌ಸೈಡ್ ಶಾಲೆಯ ತಾಯಂದಿರ ಸಂಘವು ಹಳೆಯ ಸಾಮಾನುಗಳನ್ನು ಮಾರಿ ಕೂಡಿಸಿದ ಹಣದಿಂದ ಮಕ್ಕಳಿಗಾಗಿ ಟೆಲಿಟೈಪೊಂದನ್ನು ಏರ್ಪಡಿಸಿತು. ಅದರ ಮುಂದೆ ಕುಳಿತ ಬಾಲಕರಲ್ಲಿ 13 ವರ್ಷ ವಯಸ್ಸಿನ ಬಿಲ್ ಗೇಟ್ಸ್ ಒಬ್ಬರು. 1981ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಬಿಬಿಸಿ ಸಂಸ್ಥೆಯು ತನ್ನ ಗಣಕಸಾಕ್ಷರತೆಯ ಯೋಜನೆಗಾಗಿ ಕೇಂಬ್ರಿಜ್ಜಿನ ಏಕಾರ್ನ್ ಕಂಪೆನಿಯಿಂದ ಬಿಬಿಸಿ ಮೈಕ್ರೊ ಎಂಬ ಯಂತ್ರವನ್ನು ಮಾಡಿಸಿ ಹೊರತಂದಿತು; ಅದರ ಬೇಸಿಕ್ ಭಾಷೆಯನ್ನು ಬಹುಮಟ್ಟಿಗೆ ರಚಿಸಿದವರು ಸೋಫಿ ವಿಲ್ಸನ್. 32 ಕಿಲೋಬೈಟುಗಳ ಸ್ಮೃತಿಯಷ್ಟೇ ಇದ್ದ ಆ ಯಂತ್ರದ ಗುಂಡಿಯನ್ನು ಒತ್ತಿದೊಡನೆ ‘ಬೇಸಿಕ್’ ಎಂಬ ಹೆಸರೂ, ಆಜ್ಞೆಗಾಗಿ ಕಾದಿರುವ ಒಂದು ಚಿಹ್ನೆಯೂ ಪರದೆಯ ಮೇಲೆ ಬರುತ್ತಿದ್ದುವು. ಪತ್ರಿಕೆಗಳಲ್ಲಿ ಅಚ್ಚಾದ ಆಟಗಳ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ಟೈಪು ಮಾಡಿ, ಒಂದು ಅಕ್ಷರದ ದೋಷವನ್ನು ಹುಡುಕಲು ಸಂಜೆಯನ್ನೆಲ್ಲ ಕಳೆದು, ಕೊನೆಗೆ ಕ್ಯಾಸೆಟ್ಟಿನಲ್ಲಿ ಉಳಿಸಿಡುತ್ತಿದ್ದ ಹುಡುಗ ಹುಡುಗಿಯರ ಒಂದು ಪೀಳಿಗೆಯೇ ಹೀಗೆ ಸಿದ್ಧವಾಯಿತು.

ಆಕ್ಷೇಪಗಳು ಇಲ್ಲದಿರಲಿಲ್ಲ. ಬೇಸಿಕ್ಕಿನಿಂದ ಆರಂಭಿಸಿದ ವಿದ್ಯಾರ್ಥಿಯ ಬುದ್ಧಿಯು ಸರಿಪಡಿಸಲಾಗದಷ್ಟು ಕೆಡುತ್ತದೆಂದು ನೆದರ್ಲೆಂಡ್ಸಿನ ಮಹಾಪಂಡಿತ ಎಡ್ಸ್‌ಗರ್ ಡೈಕ್‌ಸ್ಟ್ರಾ 1975ರಲ್ಲಿ ಕಟುವಾಗಿ ಬರೆದರು. ‘ಗೋಟು’ ಆಜ್ಞೆಯಿಂದ ಮನಬಂದಲ್ಲಿಗೆ ಹಾರುವ ಪ್ರೋಗ್ರಾಮುಗಳು ಗೋಜಲಾಗುತ್ತಿದ್ದುದು ನಿಜ. ಆದರೆ ಆ ಭಾಷೆಯಿಂದ ಆರಂಭಿಸಿ ಉತ್ತಮ ತಂತ್ರಜ್ಞರಾದ ಅಸಂಖ್ಯರ ಜೀವಿತವೇ ಆ ತೀರ್ಪಿಗೆ ಉತ್ತರವಾಗಿದೆ.

ಭಾರತದಲ್ಲಿ 1963ರಲ್ಲಿಯೇ ಕಾನ್ಪುರದ ಐಐಟಿಗೆ ಐಬಿಎಂ 1620 ಯಂತ್ರವು ಬಂದು, ಫೋರ್ಟ್ರಾನ್ ಬೋಧನೆಯು ಮೊದಲಾಗಿತ್ತು. ಅಲ್ಲಿ ಬೋಧಿಸಿ, 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ ವಿ. ರಾಜಾರಾಮನ್ ಅವರ ಪಠ್ಯಪುಸ್ತಕಗಳು ಕಾಲೇಜು ವಿದ್ಯಾರ್ಥಿಗಳ ಹಲವು ಪೀಳಿಗೆಗಳಿಗೆ ಗುರುವಾದುವು. ಶಾಲೆಯ ಮಕ್ಕಳ ಸರದಿ ಬಂದುದು 1984–85ರಲ್ಲಿ, ಕೇಂದ್ರ ಸರಕಾರದ ‘ಕ್ಲಾಸ್’ ಯೋಜನೆಯ ಮೂಲಕ. ಪ್ರೌಢಶಾಲೆಗಳಿಗೆ ಹಂಚಲ್ಪಟ್ಟುದು ಅದೇ ಬಿಬಿಸಿ ಮೈಕ್ರೊ. ಆದರೆ ಯಂತ್ರ ಬಂದರೂ ಡಾರ್ಟ್‌ಮತ್ತಿನ ತತ್ತ್ವವು ಅದರೊಡನೆ ಬರಲಿಲ್ಲ. ಒಂದು ಶಾಲೆಗೆ ಕೆಲವೇ ಯಂತ್ರಗಳು. ವಾರಕ್ಕೆ ಒಂದೆರಡು ಅವಧಿಗಳು. ಅಲ್ಪಕಾಲದ ಶಿಕ್ಷಣ ಪಡೆದ ಉಪಾಧ್ಯಾಯರಿಗೆ, ಬೆಲೆಬಾಳುವ ವಸ್ತುವು ಕೆಟ್ಟುಹೋದರೆ ಏನು ಗತಿಯೆಂಬ ಭಯ. ಮುಂದೆ ಕರ್ನಾಟಕ ಸರಕಾರದ ‘ಮಾಹಿತಿ ಸಿಂಧು’ ಯೋಜನೆಯು ಸರಕಾರಿ ಪ್ರೌಢಶಾಲೆಗಳಿಗೂ ಕಂಪ್ಯೂಟರುಗಳನ್ನು ಒದಗಿಸಿತು. ಅದು ಸ್ತುತ್ಯವಾದ ಕಾರ್ಯ. ಆದರೂ ಹಳ್ಳಿಯ ಶಾಲೆಯ ಮಗುವಿಗೆ ಯಂತ್ರವನ್ನು ದೂರದಿಂದ ನೋಡುವ ಭಾಗ್ಯವು ದೊರೆತಷ್ಟು ಸುಲಭವಾಗಿ, ಅದಕ್ಕೆ ತಾನೇ ಆಜ್ಞೆಯಿತ್ತು ತಪ್ಪಿ ಕಲಿಯುವ ಸ್ವಾತಂತ್ರ್ಯವು ದೊರೆಯಲಿಲ್ಲ.

ಇಂದು ಬೇಸಿಕ್ಕಿನ ಸ್ಥಾನದಲ್ಲಿ ಸ್ಕ್ರ್ಯಾಚ್, ಪೈಥಾನ್ ಮೊದಲಾದುವು ಬಂದಿವೆ. ಯಂತ್ರದ ಬೆಲೆಯೂ ಇಳಿದಿದೆ. ಕೊರತೆಯಿರುವುದು ಕೆಮೆನಿ ಮತ್ತು ಕರ್ಟ್ಸರು ತೋರಿದ ವಿಶ್ವಾಸ ಒಂದಕ್ಕೇ. ಆದುದರಿಂದ ನಮ್ಮ ಮುಖ್ಯೋಪಾಧ್ಯಾಯರಲ್ಲಿಯೂ ಶಾಲಾ ಸಮಿತಿಗಳಲ್ಲಿಯೂ ನನ್ನ ಪ್ರಾರ್ಥನೆ ಇಷ್ಟು: ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕಂಪ್ಯೂಟರು ಕೊಠಡಿಯನ್ನು ಮಕ್ಕಳಿಗೆ ತೆರೆದಿಡಿ, ಅಲ್ಲಿ ಪರೀಕ್ಷೆಯೂ ಅಂಕಗಳೂ ಬೇಡ, ಆಜ್ಞೆಗಳು ಇಂಗ್ಲಿಷಿನಲ್ಲಿದ್ದರೂ ಅವುಗಳ ಮರ್ಮವನ್ನು ಕನ್ನಡದಲ್ಲಿ ತಿಳಿಯಹೇಳಿ, ತಪ್ಪಿದ ಮಗುವನ್ನು ಗದರದೆ, ಅದೇ ಸಾಲನ್ನು ಇನ್ನೊಮ್ಮೆ ಬರೆಯಲು ಬಿಡಿ.