ಆನಿ ರಾಸ್ ಮತ್ತು ‘ಟ್ವಿಸ್ಟೆಡ್’: ಒಂದು ಟಿಪ್ಪಣಿ

ಆನಿ ರಾಸ್ (1930–2020) ಎಂದೊಡನೆ ಜಾಝ್ ಕೇಳುಗರಿಗೆ ನೆನಪಾಗುವುದು ‘ಲ್ಯಾಂಬರ್ಟ್, ಹೆಂಡ್ರಿಕ್ಸ್ ಅಂಡ್ ರಾಸ್’ ಎಂಬ ಗಾಯಕ ತ್ರಯ. ಆ ಮೂವರಲ್ಲಿ ಸಾಹಿತಿಯ ಪಟ್ಟ ಜಾನ್ ಹೆಂಡ್ರಿಕ್ಸ್‌ಗೆ, ಸಂಯೋಜಕನ ಪಟ್ಟ ಡೇವ್ ಲ್ಯಾಂಬರ್ಟ್‌ಗೆ. ಎತ್ತರದ ಕಂಠವಷ್ಟೇ ರಾಸ್ ಪಾಲು. ಈ ಹಂಚಿಕೆ ಪೂರ್ತಿ ಸುಳ್ಳಲ್ಲ, ಆದರೆ ಇಸವಿಗಳನ್ನು ಎದುರಿಗಿಟ್ಟುಕೊಂಡರೆ ಸಡಿಲವಾಗುತ್ತದೆ.

ರಾಸ್ ಹುಟ್ಟಿದ್ದು ಇಂಗ್ಲೆಂಡಿನ ಮಿಚಮ್‌ನಲ್ಲಿ. ತಂದೆತಾಯಿ ಸ್ಕಾಟ್ಲೆಂಡಿನ ರಂಗಕಲಾವಿದರು. ನಾಲ್ಕರ ವಯಸ್ಸಿನಲ್ಲೇ ಅಮೆರಿಕ ಸೇರಿ, ಗಾಯಕಿ ಎಲ್ಲಾ ಲೋಗನ್ ಎಂಬ ಚಿಕ್ಕಮ್ಮನ ಆಶ್ರಯದಲ್ಲಿ ಬೆಳೆದರು. 1943ರ ‘ಪ್ರೆಸೆಂಟಿಂಗ್ ಲಿಲಿ ಮಾರ್ಸ್’ ಚಿತ್ರದಲ್ಲಿ ನಟಿ ಜೂಡಿ ಗಾರ್ಲಂಡ್‌ಗೆ ತಂಗಿಯ ಪಾತ್ರ. ಹಾಡು ಬರೆಯುವುದೂ ಆಗಲೇ ಶುರು: ಹದಿಹರೆಯದಲ್ಲಿ ಬರೆದ ‘ಲೆಟ್ಸ್ ಫ್ಲೈ’ಯನ್ನು ಗಾಯಕ ಜಾನಿ ಮರ್ಸರ್ ಧ್ವನಿಮುದ್ರಿಸಿದ.

ಮುಖ್ಯ ಸಾಕ್ಷ್ಯ 1952ರದು. ಸ್ಯಾಕ್ಸೊಫೋನ್ ವಾದಕ ವಾರ್ಡೆಲ್ ಗ್ರೇ 1949ರಲ್ಲಿ ಮುದ್ರಿಸಿದ್ದ ‘ಟ್ವಿಸ್ಟೆಡ್’ಗೆ ರಾಸ್ ಮಾತು ಹೊಸೆದು, ಪ್ರೆಸ್ಟೀಜ್ ಎಂಬ ಧ್ವನಿಮುದ್ರಣ ಕಂಪನಿಗೆ ಹಾಡಿದರು. ವಾದಕ ಆಶುವಾಗಿ ನುಡಿಸಿದ್ದನ್ನು ಸ್ವರಸ್ವರವೂ ಬಿಡದೆ ಹಿಡಿದು, ಅದಕ್ಕೆ ಸಾಹಿತ್ಯ ಕೂಡಿಸುವ ಈ ಕ್ರಮಕ್ಕೆ ವೊಕಲೀಸ್ ಎಂದು ಹೆಸರು. ಸ್ವರಸಾಹಿತ್ಯ ಬಲ್ಲ ಕರ್ನಾಟಕ ಸಂಗೀತದವರಿಗೆ ಇದರ ತೊಡಕು ಬೇಗ ತಿಳಿದೀತು. ವ್ಯತ್ಯಾಸವಿಷ್ಟೇ: ಇಲ್ಲಿ ಸ್ವರ ಕಟ್ಟಿದವನು ಮುಂದೆ ಮಾತು ಕೂರುತ್ತದೆಂದು ಎಣಿಸಿಯೇ ಇರಲಿಲ್ಲ. ಅವನು ಉಸಿರೆಳೆದಲ್ಲೇ ಗಾಯಕಿಯೂ ಉಸಿರೆಳೆಯಬೇಕು. ರಾಸ್ ಈ ಬಿಗಿಯನ್ನು ಪಾತ್ರವಾಗಿಸಿದರು. ಮನೋವಿಶ್ಲೇಷಕ ತನ್ನನ್ನು ಹುಚ್ಚಿ ಎಂದದ್ದಕ್ಕೆ ಒಬ್ಬಳು ತಡೆಯಿಲ್ಲದೆ ವಾದಿಸುತ್ತಾಳೆ. ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನಲ್ಲಿ ಚಾಲಕನಿಲ್ಲ, ಅದಕ್ಕೇ ಅಲ್ಲಿ ಕೂರುವುದಿಲ್ಲ ಅನ್ನುತ್ತಾಳೆ. ಬ್ಲೂಸ್‌ನ ಹನ್ನೆರಡು ಬಾರ್‌ಗಳ ಸುತ್ತು ಮರಳಿದಂತೆಲ್ಲ ಅವಳ ವಾದವೂ ಬೆಳೆಯುತ್ತದೆ. ವೊಕಲೀಸ್ ರಾಸ್ ಹುಟ್ಟುಹಾಕಿದ್ದಲ್ಲ. ಎಡ್ಡಿ ಜೆಫರ್ಸನ್, ಕಿಂಗ್ ಪ್ಲೆಷರ್ ಎಂಬ ಗಾಯಕರು ಈ ಹಾದಿಯಲ್ಲಿ ಮೊದಲೇ ಇದ್ದರು. ಆದರೂ ಹೀಗೆ ಒಂದು ಹಾಸ್ಯ ಏಕಪಾತ್ರವನ್ನೇ ಅದರಲ್ಲಿ ನಿಲ್ಲಿಸಿದ್ದು ಸಣ್ಣ ಕೆಲಸವಲ್ಲ.

ತ್ರಯ ಕೂಡಿದ್ದು ಐದು ವರ್ಷಗಳ ಬಳಿಕ. ಕೌಂಟ್ ಬೇಸಿಯ ವಾದ್ಯವೃಂದವನ್ನು ಕಂಠಗಳಲ್ಲಿ ಮೂಡಿಸಲು ಲ್ಯಾಂಬರ್ಟ್, ಹೆಂಡ್ರಿಕ್ಸ್ 1957ರಲ್ಲಿ ದೊಡ್ಡ ಗಾಯಕವೃಂದವನ್ನೇ ಕರೆಸಿದ್ದರು. ಆ ಗಾಯಕರಿಗೆ ಬೇಸಿಯ ಲಯ ಹೇಳಿಕೊಡಲು ಬಂದವರು ರಾಸ್. ವೃಂದಕ್ಕೆ ಅದು ಒಲಿಯಲಿಲ್ಲ. ಕೊನೆಗೆ ಮೂವರೇ ತಮ್ಮ ದನಿಗಳನ್ನು ಟೇಪಿನಲ್ಲಿ ಪದರಪದರವಾಗಿ ಪೇರಿಸಿ ‘ಸಿಂಗ್ ಎ ಸಾಂಗ್ ಆಫ್ ಬೇಸಿ’ ಮುಗಿಸಿದರು. ಟ್ರಂಪೆಟ್‌ಗಳ ಎತ್ತರ ರಾಸ್ ಪಾಲಿಗೆ. ಗುರುವಾಗಿ ಬಂದವರನ್ನು ಮೂರನೆಯ ದನಿ ಎಂದಷ್ಟೇ ದಾಖಲಿಸುವುದು ವಿಚಿತ್ರ.

ತ್ರಯದ ‘ಹೈ ಫ್ಲೈಯಿಂಗ್’ ಆಲ್ಬಮ್ಮಿಗೆ ಗ್ರ್ಯಾಮಿ ಪ್ರಶಸ್ತಿ ಬಂದ 1962ರಲ್ಲೇ, ಹೆರಾಯಿನ್ ಚಟದಿಂದ ಬಳಲುತ್ತಿದ್ದ ರಾಸ್ ತಂಡ ಬಿಟ್ಟು ಲಂಡನ್ನಿನಲ್ಲಿ ಉಳಿದರು. ಅವರ ಜಾಗಕ್ಕೆ ಸಿಲೋನಿನ ಯೊಲಾಂಡ್ ಬವನ್ ಬಂದರು. ಮುಂದೆ ಲಂಡನ್ನಿನಲ್ಲಿ ‘ಆನೀಸ್ ರೂಮ್’ ಕ್ಲಬ್, ನಾಟಕ, ಸಿನಿಮಾ. ರಾಬರ್ಟ್ ಆಲ್ಟ್‌ಮನ್ನನ ‘ಶಾರ್ಟ್ ಕಟ್ಸ್’ನಲ್ಲಿ (1993) ಜಾಝ್ ಗಾಯಕಿಯ ಪಾತ್ರ.

‘ಟ್ವಿಸ್ಟೆಡ್’ ತ್ರಯದ ಕೊಲಂಬಿಯಾ ಆಲ್ಬಮ್ಮಿನಲ್ಲಿಯೂ ಇದೆ. 1974ರಲ್ಲಿ ಗಾಯಕಿ ಜೋನಿ ಮಿಚೆಲ್ ಕೂಡ ಹಾಡಿದರು. ಹಾಗಾಗಿ ಅದನ್ನು ತ್ರಯದ ಹಾಡೆಂದು ಪಟ್ಟಿ ಮಾಡುವವರು ದಯವಿಟ್ಟು 1952ರ ಮುದ್ರಣವನ್ನು ಮೊದಲು ಕೇಳಬೇಕು. ಅಲ್ಲಿ ಲ್ಯಾಂಬರ್ಟ್ ಇಲ್ಲ, ಹೆಂಡ್ರಿಕ್ಸ್ ಇಲ್ಲ.