ಕಳಲೆಯ ಬೆಳ್ಳಿ ಬಟ್ಟಲುಗಳು ಮತ್ತು ನಮ್ಮ ಮನೆಯ ಪಾನ್‌ದಾನ್

ಹಳೆಯ ಬೆಳ್ಳಿ, ಹಳೆಯ ಪಿಂಗಾಣಿ, ಕುಸುರಿಯ ಅಲಂಕಾರ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸ ಇಂದು ಶ್ರೀಮಂತರಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಕೊಳ್ಳುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಇದರ ತೂಕವೆಷ್ಟು? ಇದರ ವಯಸ್ಸೆಷ್ಟು? ಆದರೆ ಮೂರನೆಯ ಪ್ರಶ್ನೆಯೊಂದಿದೆ: ಇದು ಯಾರ ಕೈಯಿಂದ, ಯಾವ ದಾರಿಯಿಂದ ಇಲ್ಲಿಗೆ ಬಂತು? ಇತಿಹಾಸವು ಕೇಳುವುದು ಈ ಪ್ರಶ್ನೆಯನ್ನು. ನಾಳೆ ಅಲ್ಲಾಹನ ಸನ್ನಿಧಿಯಲ್ಲಿಯೂ ಸಂಪತ್ತಿನ ಬಗ್ಗೆ ಇದೇ ಪ್ರಶ್ನೆ ಎದುರಾಗಲಿದೆ. ಅದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ದೇವನೂರು, ನಂಜನಗೂಡು, ತಿರುಮಕೂಡಲು ನರಸೀಪುರಗಳನ್ನೊಳಗೊಂಡ ನಮ್ಮ ಕಪಿಲಾ ತೀರದ ಸೀಮೆಯಲ್ಲಿಯೇ ಅದಕ್ಕೆ ಸಾಕ್ಷಿಗಳಿವೆ.

ಹೆಸರು ಹೊತ್ತ ಬೆಳ್ಳಿ

ನಂಜನಗೂಡಿಗೆ ಸಮೀಪದ ಕಳಲೆಯು ಮೈಸೂರು ರಾಜ್ಯದ ದಳವಾಯಿಗಳ ಊರು. ಹೈದರಲಿಯವರು ಸೈನ್ಯದಲ್ಲಿ ಮೇಲೇರಿದ್ದೇ ಈ ಮನೆತನದ ನಂಜರಾಜಯ್ಯನವರ ಆಶ್ರಯದಲ್ಲಿ. ಕಳಲೆಯ ಲಕ್ಷ್ಮೀಕಾಂತ ದೇವಾಲಯಕ್ಕೆ ಸೇರಿದ ನಾಲ್ಕು ಬೆಳ್ಳಿ ಬಟ್ಟಲುಗಳು, ಒಂದು ಬೆಳ್ಳಿ ತಟ್ಟೆ ಮತ್ತು ಒಂದು ಬೆಳ್ಳಿಯ ಪೀಕದಾನಿಯನ್ನು ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಪುರಾತತ್ವ ಇಲಾಖೆಯ ವಿದ್ವಾಂಸರು ಪರಿಶೀಲಿಸಿದರು. ಅವು ಟಿಪ್ಪು ಸುಲ್ತಾನರ ಕೊಡುಗೆಗಳೆಂದು ಅವುಗಳ ಮೇಲಿನ ಬರಹಗಳೇ ಹೇಳುತ್ತಿದ್ದವು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ತಳಭಾಗಕ್ಕೆ ಐದು ಬಗೆಯ ರತ್ನಗಳನ್ನು ಕೂರಿಸಿದ ಬಟ್ಟಲೊಂದು ಅವರ ಹೆಸರಿನಲ್ಲಿಯೇ ದಾಖಲಾಗಿದೆ. ಅದೇ ದೇವಾಲಯದ ಪಚ್ಚೆಲಿಂಗವೂ ಸುಲ್ತಾನರದೇ ಕೊಡುಗೆಯೆಂಬುದು, ಪಟ್ಟದಾನೆಯ ಕಣ್ಣು ವಾಸಿಯಾದಾಗ ಅವರು ಅಲ್ಲಿನ ದೈವವನ್ನು ‘ಹಕೀಮ್ ನಂಜುಂಡ’ ಎಂದು ಕರೆದರೆಂಬುದು ಈ ಸೀಮೆಯ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. ಶ್ರೀರಂಗಪಟ್ಟಣದ ರಂಗನಾಥ ದೇವಾಲಯದಲ್ಲಿ ಏಳು ಬೆಳ್ಳಿ ಬಟ್ಟಲುಗಳು ಹಾಗೂ ಒಂದು ಕರ್ಪೂರದಾರತಿ, ಮೇಲುಕೋಟೆಯಲ್ಲಿ ಚಿನ್ನ ಬೆಳ್ಳಿಯ ಪಾತ್ರೆಗಳು ಇದೇ ಸಾಲಿಗೆ ಸೇರುತ್ತವೆ.

ಇಲ್ಲಿ ನ್ಯಾಯದ ಮಾತೊಂದನ್ನು ಹೇಳಲೇಬೇಕು. ಟಿಪ್ಪು ಸುಲ್ತಾನರು ಒಬ್ಬ ಅರಸರಾಗಿದ್ದರು. ಅರಸರ ನಡೆಗಳನ್ನು ತಕ್ಕಡಿಯಲ್ಲಿಟ್ಟು ತೂಗಬೇಕಾಗುತ್ತದೆ. ಕೊಡಗು ಮತ್ತು ಮಲಬಾರಿನ ದಂಡಯಾತ್ರೆಗಳು, ಮಂಗಳೂರಿನ ಕ್ರೈಸ್ತರ ಸೆರೆವಾಸ, ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ನೋವಿನ ನೆನಪು ಇಂದಿಗೂ ಜೀವಂತವಾಗಿವೆ. ಕಳಲೆಯ ಬಟ್ಟಲನ್ನು ಮುಂದಿಟ್ಟು ಆ ನೋವನ್ನು ಅಳಿಸಲಾಗದು. ಆ ನೋವನ್ನು ಮುಂದಿಟ್ಟು ಬಟ್ಟಲಿನ ಮೇಲಿನ ಬರಹವನ್ನೂ ಅಳಿಸಲಾಗದು. ಯಾರ ಮೇಲಿನ ದ್ವೇಷವೂ, ಯಾರ ಮೇಲಿನ ಅಭಿಮಾನವೂ ನಮ್ಮನ್ನು ನ್ಯಾಯದಿಂದ ಸರಿಸಬಾರದೆಂಬುದೇ ಪವಿತ್ರ ಕುರ್‌ಆನಿನ ಬೋಧನೆ.

ಒಡೆದು ಹಂಚಿದ ಚಿನ್ನ

ಕೊಟ್ಟ ಬೆಳ್ಳಿಯ ಕಥೆ ಹೀಗಿದ್ದರೆ, ಕಿತ್ತುಕೊಂಡ ಸಂಪತ್ತಿನ ಕಥೆ ಬೇರೆಯೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು. ಆ ರಾತ್ರಿಯ ಸೂರೆಯನ್ನು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯೇ ತನ್ನ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಬೆಲೆಬಾಳುವ ಆಭರಣಗಳು, ಚಿನ್ನದ ಗಟ್ಟಿಗಳು ಸಿಪಾಯಿಗಳ ಕೈಯಿಂದ ಸೇನೆಯ ಬಜಾರಿಗೆ ಬಂದು ಬಿದ್ದವು. ಸೂರೆಯನ್ನು ನಿಲ್ಲಿಸಲು ಕೆಲವರನ್ನು ಗಲ್ಲಿಗೇರಿಸಬೇಕಾಯಿತು. ಅನಂತರ ಅರಮನೆಯ ಭಂಡಾರವನ್ನು ಲೆಕ್ಕ ಹಾಕಿ ಸೈನ್ಯಕ್ಕೆ ಹಂಚಲಾಯಿತು. ದಂಡನಾಯಕ ಜನರಲ್ ಹ್ಯಾರಿಸನಿಗೆ ದೊರೆತ ಪಾಲು 1,40,000 ಪೌಂಡಿಗೂ ಹೆಚ್ಚು. ಸಾಮಾನ್ಯ ಸಿಪಾಯಿಗೆ ದಕ್ಕಿದ್ದು ಕೆಲವೇ ಪೌಂಡುಗಳು.

ಚಿನ್ನದ ತಗಡು ಹೊದಿಸಿದ ಸುಲ್ತಾನರ ಸಿಂಹಾಸನವನ್ನು ಹಂಚಿಕೆಗಾಗಿ ಒಡೆದು ತುಂಡು ಮಾಡಲಾಯಿತು. ಅದರ ಹುಲಿಯ ತಲೆಯೂ ರತ್ನಖಚಿತ ಹುಮಾ ಪಕ್ಷಿಯೂ ಇಂದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಕಟಕಟೆಯನ್ನು ಅಲಂಕರಿಸಿದ್ದ ಚಿಕ್ಕ ಹುಲಿತಲೆಗಳು ಬೇರೆ ಬೇರೆ ಕೈ ಸೇರಿದವು. ಒಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಅಂಥ ಮತ್ತೊಂದು ಹುಲಿತಲೆಗೆ 15 ಲಕ್ಷ ಪೌಂಡ್ ಬೆಲೆ ಕಟ್ಟಿ, ಅದು ದೇಶದಿಂದ ಹೊರಹೋಗದಂತೆ 2021ರಲ್ಲಿ ಬ್ರಿಟಿಷ್ ಸರ್ಕಾರ ತಾತ್ಕಾಲಿಕವಾಗಿ ತಡೆಯಿತು. ಕೊಳ್ಳೆಯಾಗಿ ಹೋದ ವಸ್ತು ಈಗ ಅವರ ರಾಷ್ಟ್ರೀಯ ಸಂಪತ್ತು! 2023ರ ಮೇ ತಿಂಗಳಲ್ಲಿ ಸುಲ್ತಾನರ ಶಯನಾಗಾರದ ಖಡ್ಗವು ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು.

ಈಗ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡೋಣ. ಬೆಲೆಯಲ್ಲಿ ಲಂಡನ್ನಿನ ಹುಲಿತಲೆಯ ಮುಂದೆ ಕಳಲೆಯ ಬಟ್ಟಲು ಏನೂ ಅಲ್ಲ. ಆದರೆ ಹುಲಿತಲೆ ಯಾವ ಸಿಂಹಾಸನದ ಭಾಗವಾಗಿತ್ತೋ ಆ ಸಿಂಹಾಸನವೇ ಇಲ್ಲ. ಬಟ್ಟಲಾದರೋ ಕೊಟ್ಟವರ ಹೆಸರಿನೊಂದಿಗೆ, ಕೊಟ್ಟ ಉದ್ದೇಶದೊಂದಿಗೆ ಉಳಿಯಿತು. ಯುದ್ಧ ಬಂತು, ಆಡಳಿತ ಬದಲಾಯಿತು, ಕೊಟ್ಟವರ ವಂಶವನ್ನು ಗಡಿಪಾರು ಮಾಡಲಾಯಿತು. ಹೀಗಿದ್ದರೂ ಬೇರೆ ಧರ್ಮದ ಅರ್ಚಕರು ಒಬ್ಬ ಮುಸ್ಲಿಮ್ ಅರಸರ ಹೆಸರನ್ನು ಉಜ್ಜಿ ಅಳಿಸದೆ ಕಾಪಾಡಿಕೊಂಡು ಬಂದರು. ಆ ಅಮಾನತ್ತಿಗೆ ನಾವು ಕೃತಜ್ಞರಾಗಿರಬೇಕು.

ಪಿಂಗಾಣಿಯ ದಾರಿ

ಶ್ರೀರಂಗಪಟ್ಟಣದ ಭಂಡಾರದಲ್ಲಿದ್ದ ಪಿಂಗಾಣಿ ಮತ್ತು ಗಾಜಿನ ಸಾಮಾನುಗಳೇ ಒಂದು ದೊಡ್ಡ ವ್ಯಾಪಾರಿ ಮಳಿಗೆಯನ್ನು ತುಂಬುವಷ್ಟಿದ್ದವೆಂದು ಅಂದಿನ ಬ್ರಿಟಿಷ್ ಅಧಿಕಾರಿಗಳ ಬರಹಗಳಿಂದ ತಿಳಿಯುತ್ತದೆ. 1788ರಲ್ಲಿ ಸುಲ್ತಾನರ ರಾಯಭಾರಿಗಳಾದ ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್ ಫ್ರಾನ್ಸಿಗೆ ಹೋಗಿ 16ನೇ ಲೂಯಿ ದೊರೆಯನ್ನು ಭೇಟಿಯಾದರು. ಸೆವ್ರ್ ಎಂಬಲ್ಲಿನ ರಾಜಮನೆತನದ ಪಿಂಗಾಣಿ ಕಾರ್ಖಾನೆಯನ್ನು ಸಂದರ್ಶಿಸಿದರು. ದೊರೆ ಕಳುಹಿಸಿದ ಉಡುಗೊರೆಗಳಲ್ಲಿ ಅಲ್ಲಿನ ಪಿಂಗಾಣಿಯೂ ಇತ್ತು. ಆದರೆ ಸುಲ್ತಾನರಿಗೆ ಸಿದ್ಧ ವಸ್ತುವಿಗಿಂತ ಹೆಚ್ಚಾಗಿ ಬೇಕಾಗಿದ್ದುದು ಅದನ್ನು ಮಾಡುವ ಕೈ. ಪಿಂಗಾಣಿ, ಗಾಜು, ಗಡಿಯಾರ, ಬಂದೂಕು ತಯಾರಿಸಬಲ್ಲ ಕುಶಲಕರ್ಮಿಗಳಿಗಾಗಿ ಅವರು ಪರದೇಶಗಳನ್ನು ಕೇಳಿಕೊಂಡರು. 1789ರಲ್ಲಿ ಮರಳಿದ ರಾಯಭಾರಿಗಳೊಂದಿಗೆ ಫ್ರೆಂಚ್ ಕುಶಲಕರ್ಮಿಗಳು ಬಂದರು. ವಸ್ತುವನ್ನು ಕೂಡಿಡುವುದು ಒಂದು. ವಿದ್ಯೆಯನ್ನು ನೆಲೆಗೊಳಿಸುವುದು ಇನ್ನೊಂದು. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪು ಹೊಳಪು ತರುವ ಬೀದರಿನ ಬಿದ್ರಿ ಕಲೆ ಇಂದಿಗೂ ಉಳಿದಿರುವುದು ವಿದ್ಯೆ ಕೈಯಿಂದ ಕೈಗೆ ದಾಟಿದ್ದರಿಂದಲೇ.

ಪಿಂಗಾಣಿ ಸಂಗ್ರಹಕ್ಕೆ ಮುಸ್ಲಿಮ್ ಜಗತ್ತಿನಲ್ಲಿ ಇನ್ನೊಂದು ಅಪೂರ್ವ ನಿದರ್ಶನವಿದೆ. 17ನೇ ಶತಮಾನದ ಆರಂಭದಲ್ಲಿ ಇರಾನಿನ ಶಾಹ್ ಅಬ್ಬಾಸ್ ತನ್ನ ಸಾವಿರಕ್ಕೂ ಮಿಕ್ಕ ಚೀನೀ ಪಿಂಗಾಣಿ ಪಾತ್ರೆಗಳನ್ನು ಅರ್ದಬೀಲಿನ ದರ್ಗಾಕ್ಕೆ ವಕ್ಫ್ ಮಾಡಿದ. ಪಾತ್ರೆಗಳ ಮೇಲೆ ವಕ್ಫ್ ಮುದ್ರೆಯನ್ನು ಕೊರೆಸಿದ. ಮಾರುವವನನ್ನೂ ಕದಿಯುವವನನ್ನೂ ಆ ಮುದ್ರೆಯೇ ಹಿಡಿದುಕೊಡುತ್ತಿತ್ತು. ಕಳಲೆಯ ಬಟ್ಟಲಿನ ಬರಹವೂ ಅರ್ದಬೀಲಿನ ಮುದ್ರೆಯೂ ಒಂದೇ ಕೆಲಸವನ್ನು ಮಾಡುತ್ತವೆ: ಈ ವಸ್ತು ಇಂಥವರಿಂದ ಇಂಥದ್ದಕ್ಕಾಗಿ ಬಂದದ್ದೆಂದು ಸಾರುತ್ತವೆ.

ಇಸ್ಲಾಮಿನ ಅಳತೆ

ಬೆಳ್ಳಿ ಬಂಗಾರದ ಪಾತ್ರೆಗಳಲ್ಲಿ ಉಣ್ಣುವುದನ್ನೂ ಕುಡಿಯುವುದನ್ನೂ ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಇದು ವರದಿಯಾಗಿದೆ. ಹಾಗಿದ್ದರೂ ಬೆಳ್ಳಿಯನ್ನು ಅವರು ಪೂರ್ತಿ ದೂರವಿಡಲಿಲ್ಲ. ಅವರ ಬಟ್ಟಲು ಸೀಳಿದಾಗ ಆ ಸೀಳನ್ನು ಬೆಳ್ಳಿಯಿಂದ ಬೆಸೆಯಲಾಯಿತೆಂದು ಅನಸ್(ರ)ರಿಂದ ವರದಿಯಾಗಿದೆ. ದೊರೆಗಳಿಗೆ ಪತ್ರ ಬರೆಯುವಾಗ ಮುದ್ರೆಯೊತ್ತಲು ಅವರು ಬೆಳ್ಳಿಯ ಉಂಗುರವನ್ನು ಮಾಡಿಸಿದರು. ಆ ಉಂಗುರ ಅವರ ನಂತರ ಅಬೂಬಕರ್(ರ), ಉಮರ್(ರ), ಉಸ್ಮಾನ್(ರ)ರ ಕೈಗೆ ಸಾಗಿ, ಕೊನೆಗೆ ಅರೀಸ್ ಬಾವಿಯಲ್ಲಿ ಬಿದ್ದುಹೋಯಿತು. ಬೆಸುಗೆಗೆ ಬೆಳ್ಳಿ, ಮುದ್ರೆಗೆ ಬೆಳ್ಳಿ, ಬಡಾಯಿಗೆ ಅಲ್ಲ. ಬೆಳ್ಳಿ ಬಂಗಾರವನ್ನು ಕೂಡಿಟ್ಟು ಅಲ್ಲಾಹನ ಮಾರ್ಗದಲ್ಲಿ ವ್ಯಯಿಸದವರಿಗೆ ಸೂರಃ ಅತ್ತೌಬಃದಲ್ಲಿ ಕಠಿಣ ಎಚ್ಚರಿಕೆಯಿದೆ.

ಮನೆಯ ಕಪಾಟಿನಲ್ಲಿರುವುದು

ನಮ್ಮ ಅನೇಕ ಮನೆಗಳಲ್ಲಿ ದಾದಿ, ನಾನಿಯರ ಕಾಲದ ಪಾನ್‌ದಾನ್, ಅತ್ತರ್‌ದಾನ್, ಗುಲಾಬ್‌ಪಾಶ್, ಒಂದೆರಡು ಪಿಂಗಾಣಿ ಬಟ್ಟಲುಗಳು ಇವೆ. ಕಷ್ಟ ಬಂದಾಗ ಅವು ಬೆಳ್ಳಿ ಅಂಗಡಿಯ ತಕ್ಕಡಿ ಏರುತ್ತವೆ. ಅಲ್ಲಿ ಕುಸುರಿಗೆ ಬೆಲೆಯಿಲ್ಲ, ನೆನಪಿಗೆ ಬೆಲೆಯಿಲ್ಲ. ತೂಕ ನೋಡಿ ಕರಗಿಸಲಾಗುತ್ತದೆ. ಸಿಂಹಾಸನಕ್ಕೆ ಆದದ್ದೇ ಪಾನ್‌ದಾನಿಗೂ ಆಗುತ್ತದೆ. ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ ಮಾರುವುದು ತಪ್ಪಲ್ಲ. ಸಂಪತ್ತು ಇರುವುದೇ ಅಂಥ ಹೊತ್ತಿಗಾಗಿ. ಆದರೆ ಮಾರುವ ಮುನ್ನ ಅದು ಯಾರದು, ಯಾವ ಊರಿನಿಂದ, ಯಾವ ಸಂದರ್ಭದಲ್ಲಿ ಬಂತೆಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡೋಣ. ಒಂದು ಚಿತ್ರವನ್ನಾದರೂ ತೆಗೆದಿಡೋಣ.

ಉಳಿಸಿಕೊಳ್ಳುವವರಿಗೂ ಹೊಣೆಗಳಿವೆ. ಹನಫಿ ವಿದ್ವಾಂಸರ ಪ್ರಕಾರ ಬೆಳ್ಳಿ ಯಾವ ರೂಪದಲ್ಲಿದ್ದರೂ ಝಕಾತಿನ ಲೆಕ್ಕಕ್ಕೆ ಬರುತ್ತದೆ. ಅದರ ನಿಸಾಬ್ 52.5 ತೊಲ, ಅಂದರೆ ಸುಮಾರು 612 ಗ್ರಾಂ. ಮನೆಬಳಕೆಯ ಪಿಂಗಾಣಿಗೆ ಝಕಾತ್ ಇಲ್ಲ. ವ್ಯಾಪಾರಕ್ಕಾಗಿ ಕೊಂಡದ್ದಕ್ಕೆ ಇದೆ. ಉತ್ತರಾಧಿಕಾರದಲ್ಲಿ ಈ ವಸ್ತುಗಳೂ ಸೇರಿರುವುದರಿಂದ ಸೋದರಿಯರ ಪಾಲನ್ನು ಮರೆಮಾಚಿ ಕಪಾಟಿನಲ್ಲಿಟ್ಟ ಬೆಳ್ಳಿ ಎಷ್ಟು ಹಳೆಯದಾದರೂ ಕೊಳ್ಳೆಯೇ. ನಮ್ಮ ದೇಶದ 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ 100 ವರ್ಷ ದಾಟಿದ ಇಂಥ ಕಲಾವಸ್ತುಗಳು ಪ್ರಾಚ್ಯವಸ್ತುಗಳು. ಖಾಸಗಿ ವ್ಯಕ್ತಿಗಳು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಕೊಲ್ಲಿ ರಾಷ್ಟ್ರಗಳಲ್ಲಿರುವ ಮಕ್ಕಳಿಗೆ ಉಡುಗೊರೆ ಕಳುಹಿಸುವವರು ಇದನ್ನು ನೆನಪಿಡಬೇಕು.

ಕಿತ್ತುಕೊಂಡದ್ದು ಎಷ್ಟೇ ಬೆಲೆಗೆ ಹರಾಜಾದರೂ ಅದರ ಮೇಲೆ ಕಿತ್ತುಕೊಂಡ ಗುರುತು ಉಳಿಯುತ್ತದೆ. ಕೊಟ್ಟದ್ದು ಎಷ್ಟೇ ಚಿಕ್ಕದಾದರೂ ಕೊಟ್ಟವರ ಹೆಸರನ್ನು ಹೊತ್ತು ನಿಲ್ಲುತ್ತದೆ. ನಮ್ಮ ಮನೆಗಳ ಬೆಳ್ಳಿಯನ್ನು ಎರಡನೆಯ ಸಾಲಿಗೆ ಸೇರಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.