ಕೊಜಿಂತ್ಸೆವ್‌ನ ಹ್ಯಾಮ್ಲೆಟ್: ಕಲ್ಲಿನ ಅರಮನೆಯೂ ಕಾಣೆಯಾದ ಕತ್ತಿಯೂ

ನಾಟಕವೊಂದು ಸಿನಿಮಾ ಆದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ, ಅದು ಮೂಲಕ್ಕೆ ನಿಷ್ಠವಾಗಿದೆಯೇ ಎಂಬುದು. ಹ್ಯಾಮ್ಲೆಟ್‌ನ ಕಥೆಯನ್ನು ಬಿದನೂರಿಗೆ ತಂದು ಕುವೆಂಪು ಬರೆದ ‘ರಕ್ತಾಕ್ಷಿ’ಯನ್ನು ಓದಿದವರಿಗೆ ಈ ಪ್ರಶ್ನೆ ಹೆಚ್ಚು ದೂರ ಸಾಗದು ಎಂದು ಗೊತ್ತು. ಹಾಗಾದರೆ ಯಾವ ಅಳತೆಗೋಲು ಹಿಡಿಯಬೇಕು? ಗ್ರಿಗೊರಿ ಕೊಜಿಂತ್ಸೆವ್ 1964ರಲ್ಲಿ ರಷ್ಯನ್ ಭಾಷೆಯಲ್ಲಿ ಮಾಡಿದ ‘ಹ್ಯಾಮ್ಲೆಟ್’ ಈ ಪ್ರಶ್ನೆಯನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಏಕೆಂದರೆ ಅದರ ಹಿಂದಿರುವ ಚರಿತ್ರೆಯೇ ಒಂದು ದುರಂತ.

ಚಿತ್ರದ ಸಂಭಾಷಣೆಗೆ ಆಧಾರ ಬೊರಿಸ್ ಪಾಸ್ತರ್ನಾಕ್‌ರ ಅನುವಾದ. ಅದನ್ನು ಮೊದಲು ಬಯಸಿದವರು ರಂಗನಿರ್ದೇಶಕ ಮೇಯರ್‌ಹೋಲ್ಡ್. 1939ರಲ್ಲಿ ಅವರನ್ನು ಬಂಧಿಸಲಾಯಿತು, 1940ರ ಫೆಬ್ರವರಿಯಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಆಮೇಲೆ ಮಾಸ್ಕೋ ಆರ್ಟ್ ಥಿಯೇಟರ್ ಅದೇ ಅನುವಾದವನ್ನು ಕೈಗೆತ್ತಿಕೊಂಡಿತಾದರೂ ಆ ಪ್ರಯೋಗ ರಂಗವೇರಲೇ ಇಲ್ಲ. ಸ್ಟಾಲಿನ್ ಸತ್ತ ಮೇಲೆ, 1954ರಲ್ಲಿ, ಕೊಜಿಂತ್ಸೆವ್ ಅದನ್ನು ಲೆನಿನ್‌ಗ್ರಾಡ್‌ನಲ್ಲಿ ಆಡಿಸಿದರು. 1958ರಲ್ಲಿ ನೊಬೆಲ್ ಪ್ರಶಸ್ತಿಯನ್ನು ನಿರಾಕರಿಸಬೇಕಾಗಿ ಬಂದ ಪಾಸ್ತರ್ನಾಕ್, ಚಿತ್ರ ತೆರೆಗೆ ಬರುವ ನಾಲ್ಕು ವರ್ಷ ಮೊದಲೇ ತೀರಿಕೊಂಡರು. ಹ್ಯಾಮ್ಲೆಟ್ ಆದ ಇನ್ನೊಕೆಂತಿ ಸ್ಮೊಕ್ತುನೊವ್‌ಸ್ಕಿ ಯುದ್ಧದಲ್ಲಿ ಜರ್ಮನರ ಸೆರೆ ಸಿಕ್ಕಿ ತಪ್ಪಿಸಿಕೊಂಡು ಬಂದವರು. ಸೆರೆ ಸಿಕ್ಕ ಸೈನಿಕರನ್ನು ಸ್ವಂತ ದೇಶವೇ ಅನುಮಾನದಿಂದ ನೋಡುತ್ತಿದ್ದ ಕಾಲ ಅದು.

ಇಷ್ಟು ತಿಳಿದ ಮೇಲೆ ಚಿತ್ರಕ್ಕೆ ತಲೆಬಾಗುವುದು ಸುಲಭ. ಆದರೆ ಪಟ್ಟ ಪಾಡಿಗೆ ಅಂಕ ಕೊಡುವುದು ವಿಮರ್ಶೆಯಲ್ಲ. ಚರಿತ್ರೆ ನಮ್ಮ ಕಣ್ಣನ್ನು ಚುರುಕುಗೊಳಿಸಬೇಕೇ ಹೊರತು ತೀರ್ಪನ್ನು ಅದೇ ಬರೆದುಕೊಡಬಾರದು. ನಾನು ಹಿಡಿಯುವ ಅಳತೆಗೋಲು ಇದು: ರಂಗದ ಮೇಲೆ ಮಾತಿನಲ್ಲಿ ಮಾತ್ರ ಇದ್ದ ಯಾವುದನ್ನು ಈ ಚಿತ್ರ ಕಾಣಿಸಿತು? ಅದಕ್ಕಾಗಿ ಏನನ್ನು ತೆತ್ತಿತು?

ನಾಟಕದಲ್ಲಿ ಹ್ಯಾಮ್ಲೆಟ್ ಡೆನ್ಮಾರ್ಕನ್ನು ಸೆರೆಮನೆಗೆ ಹೋಲಿಸುತ್ತಾನೆ. ಕೊಜಿಂತ್ಸೆವ್ ಆ ಹೋಲಿಕೆಯನ್ನು ಕಲ್ಲಿನಲ್ಲಿ ಕಟ್ಟುತ್ತಾರೆ. ಆರಂಭದಲ್ಲೇ ಕೋಟೆಯ ಸೇತುವೆ ಮೇಲೇಳುತ್ತದೆ, ಹೊರಗಿನ ಬೆಳಕು ಮುಚ್ಚಿಹೋಗುತ್ತದೆ. ತನ್ನ ಮದುವೆಯನ್ನು ಸಮರ್ಥಿಸಿಕೊಳ್ಳುವ ಕ್ಲಾಡಿಯಸ್‌ನ ಮೊದಲ ಭಾಷಣ ಇಲ್ಲಿ ಒಬ್ಬನ ಬಾಯಲ್ಲಿ ನಿಲ್ಲುವುದಿಲ್ಲ. ಡಂಗುರದವನು ಜನರೆದುರು ಅದನ್ನು ಓದುತ್ತಾನೆ, ರಾಯಭಾರಿಗಳು ತಮ್ಮ ತಮ್ಮ ಭಾಷೆಗಳಲ್ಲಿ ಒಪ್ಪಿಸಿಕೊಳ್ಳುತ್ತಾರೆ, ಕೊನೆಗೆ ರಾಜನೇ ಮಂತ್ರಿಗಳೆದುರು ಮುಂದುವರಿಸುತ್ತಾನೆ. ಸುಳ್ಳೊಂದು ಸರ್ಕಾರಿ ಸತ್ಯವಾಗುವ ಬಗೆಯನ್ನು ಇಷ್ಟು ಚಿಕ್ಕದಾಗಿ ತೋರಿಸಿದ ಇನ್ನೊಂದು ದೃಶ್ಯವನ್ನು ನಾನು ಕಂಡಿಲ್ಲ. ಲಾರೆನ್ಸ್ ಒಲಿವಿಯರ್ 1948ರ ತಮ್ಮ ಚಿತ್ರದಿಂದ ಫೋರ್ಟಿನ್‌ಬ್ರಾಸ್, ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್ ಮೂವರನ್ನೂ ತೆಗೆದುಹಾಕಿ ಕಥೆಯನ್ನು ಒಬ್ಬ ಮನುಷ್ಯನ ಮನಸ್ಸಿಗೆ ಇಳಿಸಿದ್ದರು. ಕೊಜಿಂತ್ಸೆವ್ ಅದನ್ನು ಮತ್ತೆ ರಾಜ್ಯದ ಕಥೆಯಾಗಿಸಿದರು.

ಒಫೀಲಿಯಾಳ ವಿಷಯದಲ್ಲೂ ಹಾಗೆಯೇ. ಮುದುಕಿಯೊಬ್ಬಳು ಹೇಳಿಕೊಟ್ಟಂತೆ ಅವಳು ಕೀಲುಗೊಂಬೆಯ ಹಾಗೆ ನೃತ್ಯದ ಹೆಜ್ಜೆ ಕಲಿಯುತ್ತಾಳೆ. ತಂದೆ ಸತ್ತಾಗ ಶೋಕದ ಉಡುಪಿನ ಒಳಗೆ ಅವಳ ಮೈಗೆ ಕಬ್ಬಿಣದ ಚೌಕಟ್ಟು ಬಿಗಿಯುತ್ತಾರೆ. ಹುಚ್ಚು ಎಲ್ಲಿಂದ ಬಂತು ಎಂದು ಯಾರೂ ವಿವರಿಸಬೇಕಿಲ್ಲ. ಆ ನೃತ್ಯಕ್ಕೆ ಶೊಸ್ತಕೊವಿಚ್ ಕೊಟ್ಟಿರುವ ಸಣ್ಣ ಗಂಟೆಯಂಥ ನಾದ ಚಿತ್ರ ಮುಗಿದ ಮೇಲೂ ಕಿವಿಯಲ್ಲಿ ಉಳಿಯುತ್ತದೆ.

ಇನ್ನು ತೆತ್ತ ಬೆಲೆ. ನಾಟಕದಲ್ಲಿ ಕ್ಲಾಡಿಯಸ್ ಮಂಡಿಯೂರಿ ಪ್ರಾರ್ಥಿಸುತ್ತಿರುವಾಗ ಹ್ಯಾಮ್ಲೆಟ್ ಕತ್ತಿ ಹಿಡಿದು ಬೆನ್ನ ಹಿಂದೆ ನಿಲ್ಲುತ್ತಾನೆ. ಆದರೂ ಕೊಲ್ಲುವುದಿಲ್ಲ. ಕರುಣೆಯಿಂದಲ್ಲ, ಪ್ರಾರ್ಥಿಸುತ್ತಾ ಸತ್ತವನು ಸ್ವರ್ಗಕ್ಕೆ ಹೋಗಿಬಿಟ್ಟಾನು ಎಂಬ ಲೆಕ್ಕಾಚಾರದಿಂದ. ಅವನಿಗೆ ಬೇಕಾದದ್ದು ಶತ್ರುವಿನ ನರಕ. ಚಿತ್ರದಲ್ಲಿ ಕ್ಲಾಡಿಯಸ್ ಕನ್ನಡಿಯೆದುರು ಒಬ್ಬನೇ ತನ್ನ ಪಾಪ ಒಪ್ಪಿಕೊಳ್ಳುತ್ತಾನೆ. ಹ್ಯಾಮ್ಲೆಟ್ ಅಲ್ಲಿಗೆ ಬರುವುದೇ ಇಲ್ಲ.

ಇದು ಚಿಕ್ಕ ಕತ್ತರಿಯಲ್ಲ. ಕೊಳೆತ ಅರಮನೆಯ ವಿಷ ರಾಜಕುಮಾರನ ರಕ್ತಕ್ಕೂ ಇಳಿದಿದೆ ಎಂದು ಶೇಕ್ಸ್‌ಪಿಯರ್ ತೋರಿಸುವ ಜಾಗ ಅದು. ಅದನ್ನು ತೆಗೆದಾಗ ಹ್ಯಾಮ್ಲೆಟ್ ಬಂದೀಖಾನೆಯಲ್ಲಿ ಉಳಿದ ಒಬ್ಬನೇ ಆತ್ಮಸಾಕ್ಷಿಯ ಮನುಷ್ಯನಾಗುತ್ತಾನೆ. ಆ ನೋಡುಗರಿಗೆ ಅಂಥವನೊಬ್ಬ ಬೇಕಾಗಿದ್ದಿರಬಹುದು. ಆದರೆ ನಿರಂಕುಶ ರಾಜ್ಯ ತನ್ನ ವಿರೋಧಿಗೂ ತನ್ನದೇ ಕ್ರೌರ್ಯವನ್ನು ಕಲಿಸುತ್ತದೆ ಎಂಬ ಕಹಿಸತ್ಯವನ್ನು ಆ ದೃಶ್ಯವೇ ಹೇಳಬಲ್ಲದಾಗಿತ್ತು.

ಕೊನೆಯಲ್ಲಿ ಗಾಯಗೊಂಡ ಹ್ಯಾಮ್ಲೆಟ್ ಸಭಾಂಗಣ ಬಿಟ್ಟು ಹೊರಗಿನ ಗಾಳಿಗೆ ಬಂದು ಪ್ರಾಣ ಬಿಡುತ್ತಾನೆ. ಸೈನಿಕರು ಅವನನ್ನು ಹೊತ್ತು ಕೋಟೆಯಿಂದಾಚೆಗೆ ನಡೆಯುತ್ತಾರೆ. ನಾನು ನೋಡಿದ ಹ್ಯಾಮ್ಲೆಟ್ ಚಿತ್ರಗಳಲ್ಲಿ ರಾಜ್ಯವನ್ನು ಇಷ್ಟು ಚೆನ್ನಾಗಿ ಅರಿತದ್ದು ಬೇರೆ ಇಲ್ಲ. ನಾಯಕನನ್ನು ಮಾತ್ರ ಅದು ತುಸು ಹೆಚ್ಚೇ ಪ್ರೀತಿಸಿತು. ಮೇಯರ್‌ಹೋಲ್ಡ್‌ರನ್ನು ಕೊಂದ ನಾಡಿನಲ್ಲಿ ಆ ಪ್ರೀತಿ ಹುಟ್ಟಿದ್ದು ಯಾಕೆಂದು ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ, ಕನ್ನಡಿಯೆದುರಿನ ಆ ಕೋಣೆಯಲ್ಲಿ ಕತ್ತಿ ಹಿಡಿದ ಒಬ್ಬ ಕಾಣೆಯಾಗಿದ್ದಾನೆ ಎಂಬುದನ್ನು ಮರೆಯಲಾಗದು.